ಅಡುಗೆಮನೆಯ ಮೂಲೆ ಕಪಾಟು: ಕಟ್ಟೆ ಹಾಕುವ ಮೊದಲು ಏನು ತೀರ್ಮಾನ ಮಾಡಬೇಕು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಇಲ್ಲಿ 30×40 ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ತಾರಸಿ ಮುಗಿದು ಒಳಗಿನ ಗಾರೆ ನಡೆಯುತ್ತಿದೆ. ಗಾರೆ ಮುಗಿದ ಕೂಡಲೇ ಅಡುಗೆ ಕಟ್ಟೆ ಹಾಕುತ್ತೇನೆ ಎಂದು ಮೇಸ್ತ್ರಿ ಹೇಳಿದ್ದಾರೆ. ಅಷ್ಟರೊಳಗೆ ಕಟ್ಟೆಯ ಕೆಳಗಿನ ಒಂದು ಮೂಲೆಯ ವಿಷಯ ನನಗೆ ಇತ್ಯರ್ಥವಾಗಬೇಕು.

ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ. ಪೂರ್ವದ ಗೋಡೆಗೆ 10 ಅಡಿ, ದಕ್ಷಿಣದ ಗೋಡೆಗೆ 8 ಅಡಿ ಕಟ್ಟೆ ಬರುತ್ತದೆ. ಎರಡೂ ಸೇರುವುದು ಆಗ್ನೇಯ ಮೂಲೆಯಲ್ಲಿ. ಒಲೆ ಪೂರ್ವದ ಗೋಡೆಗೆ, ಆದಷ್ಟು ಆಗ್ನೇಯಕ್ಕೆ ಹತ್ತಿರ ಇರಬೇಕು ಎಂದು ಅತ್ತೆಯವರ ಅಪೇಕ್ಷೆ. ಸಿಂಕ್ ಈಶಾನ್ಯದ ಕಡೆ. ಪೂರ್ವ, ದಕ್ಷಿಣ ಎರಡೂ ಹೊರಗೋಡೆಗಳೇ.

ಈಗಿರುವ ಬಾಡಿಗೆ ಮನೆಯಲ್ಲೂ ಇಂಥದ್ದೇ ಒಂದು ಮೂಲೆ ಇದೆ. ಹಬ್ಬದ ಪಾತ್ರೆಗಳೆಲ್ಲ ಅದರೊಳಗೆ. ಒಬ್ಬಟ್ಟಿನ ಕಾವಲಿ ಬೇಕೆಂದರೆ ಅತ್ತೆ ನೆಲಕ್ಕೆ ಒಂದು ಕೈ ಊರಿ ಕೂತು, ಇನ್ನೊಂದು ಕೈಯನ್ನು ಭುಜದವರೆಗೂ ಒಳಗೆ ತೂರಿಸಿ, ಬೆರಳಿಗೆ ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಹೊರಗಿಡುತ್ತಾರೆ. ಮೊದಲು ಚಕ್ಕುಲಿ ಒರಳು ಬರುತ್ತದೆ, ಆಮೇಲೆ ಇಡ್ಲಿ ತಟ್ಟೆಗಳು, ಆಮೇಲೆ ಯಾವುದೋ ಮುಚ್ಚಳ. ಕಾವಲಿ ಕೊನೆಯಲ್ಲಿ, ಗೋಡೆಗೆ ಆತುಕೊಂಡಿರುತ್ತದೆ. ಅವರಿಗೆ ಮೊಣಕಾಲು ನೋವು. ನಾನು ಕೆಲಸಕ್ಕೆ ಹೋಗಿರುವಾಗ ಅವರೊಬ್ಬರೇ ಇರುತ್ತಾರೆ. ನಾನು ಬರುವವರೆಗೆ ಕಾಯಿರಿ ಎಂದರೆ ಕಾಯುವವರಲ್ಲ. ಹೊಸ ಮನೆಯಲ್ಲಿ ಅವರು ಹಾಗೆ ನೆಲಕ್ಕೆ ಬೀಳಬಾರದು. ಅದೊಂದೇ ನನ್ನ ಹಟ.

ವಿಚಾರಿಸಿದ ಕಡೆಯೆಲ್ಲ ಒಂದೊಂದು ಮಾತು. ಮಾಡ್ಯುಲರ್ ಅಂಗಡಿಯವರು ಮ್ಯಾಜಿಕ್ ಕಾರ್ನರ್ (ಮೂಲೆಯಿಂದ ಬುಟ್ಟಿಗಳನ್ನು ಹೊರಗೆ ಎಳೆಯುವ ಯಂತ್ರ) ಹಾಕಿಸಿ ಎಂದರು. ಆ ಒಂದು ಮೂಲೆಯ ಯಂತ್ರಕ್ಕೇ 32 ಸಾವಿರ ಬರೆದುಕೊಟ್ಟಿದ್ದಾರೆ. ಯಜಮಾನರಿಗೆ ತಿರುಗುವ ತಟ್ಟೆ ಇಷ್ಟವಾಗಿದೆ. ನಮ್ಮ ಬಡಗಿ, "ಮೂಲೆ ಮುಚ್ಚಿಬಿಡೋಣ ಅಕ್ಕ, ತಲೆನೋವೇ ಬೇಡ" ಎನ್ನುತ್ತಾರೆ. ಮುಚ್ಚಲು ನನಗೆ ಮನಸ್ಸಿಲ್ಲ. ಕಟ್ಟಿಸಿದ ಪ್ರತಿ ಚದರಡಿಗೂ ಸಾಲ ತೀರಿಸುತ್ತೇವೆ.

ಅಲ್ಲಿ ಇಡಬೇಕಾದದ್ದು: ಹತ್ತು ಲೀಟರಿನ ಕುಕ್ಕರ್, ಕಡುಬಿನ ಪಾತ್ರೆ, ಹಿತ್ತಾಳೆಯ ಎರಡು ಕೊಳಗ (ದೊಡ್ಡದು ಅಡ್ಡಕ್ಕೆ 16 ಇಂಚು), ಕಾವಲಿ, ಚಕ್ಕುಲಿ ಒರಳು, ಟೇಬಲ್ ಟಾಪ್ ಗ್ರೈಂಡರ್. ಬಳಸಿ ನೋಡಿದವರು, ಮಾಡಿ ಕೊಟ್ಟವರು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

---

ಮರಗೆಲಸ, ಹಾಸನ

ಅಕ್ಕ, ನೀವು ಸರಿಯಾದ ಹೊತ್ತಿನಲ್ಲಿ ಕೇಳಿದ್ದೀರಿ. ಬಹಳ ಜನ ಕಟ್ಟೆ ಹಾಕಿಸಿ, ಗ್ರಾನೈಟ್ ಕೂರಿಸಿದ ಮೇಲೆ ನಮ್ಮನ್ನು ಕರೆಯುತ್ತಾರೆ. ಆಗ ಮೂಲೆಗೆ ನಾವು ಮಾಡಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಕಾರಣ ಹೇಳುತ್ತೇನೆ. ನಮ್ಮ ಕಡೆ ಕಟ್ಟೆಯ ಚಪ್ಪಡಿಯನ್ನು ಹೊರಲು ಕಡಪ ಕಲ್ಲನ್ನು ಅಡ್ಡಡ್ಡ ನಿಲ್ಲಿಸುತ್ತಾರೆ, ಇಲ್ಲವೇ ನಾಲ್ಕಿಂಚಿನ ಇಟ್ಟಿಗೆ ಗೋಡೆ ಎತ್ತುತ್ತಾರೆ. ಎರಡು ಕಟ್ಟೆ ಸೇರುವ ಒಳಮೂಲೆಯಲ್ಲಿ ಚಪ್ಪಡಿಗೆ ಬೆಸುಗೆ ಬರುತ್ತದೆ. ಅದಕ್ಕೆ ಆಸರೆ ಇರಲಿ ಎಂದು ಮೇಸ್ತ್ರಿ ಅಲ್ಲೇ ಒಂದು ಕಲ್ಲು ನಿಲ್ಲಿಸುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ಕೆಲಸವೇ. ಆದರೆ ಆ ಕಲ್ಲು ನಿಂತ ಕ್ಷಣಕ್ಕೆ ನಿಮ್ಮ ಮೂಲೆಯ ಬಾಯಿ ಮುಚ್ಚಿಹೋಗುತ್ತದೆ. ಆಮೇಲೆ 32 ಸಾವಿರವಲ್ಲ, ಲಕ್ಷದ ಯಂತ್ರ ತಂದರೂ ಕೂರಿಸಲು ಜಾಗವಿಲ್ಲ.

ಮೂಲೆಯಲ್ಲಿ ಜಾಗ ಕಡಿಮೆ ಎಂದು ತಿಳಿಯಬೇಡಿ. ಒಳಗಿನ ಅಳತೆ 56 ಸೆಂಟಿಮೀಟರ್ ಉದ್ದ, 56 ಅಗಲ, 70 ಎತ್ತರ ಎಂದು ಹಿಡಿದರೂ ಸುಮಾರು 220 ಲೀಟರ್ ಆಯಿತು, ಒಂದು ಬಾಗಿಲಿನ ಸಾಧಾರಣ ಫ್ರಿಜ್ ಹಿಡಿಸುವಷ್ಟು. ಕೊರತೆ ಇರುವುದು ಬಾಯಲ್ಲಿ. ಹಾಗಾಗಿ ಯಂತ್ರ ಆರಿಸುವ ಮೊದಲು ಬಾಯಿ ಎಷ್ಟು ಅಗಲ, ಅದು ಯಾವ ಕಡೆಗೆ ಮುಖ ಮಾಡಿದೆ ಎನ್ನುವುದನ್ನು ನೋಡಿ.

ಅಂಗಡಿಯವರು ನಿಮಗೆ ಬರೆದುಕೊಟ್ಟಿರುವ ಯಂತ್ರ ಕೂರುವುದು ಬ್ಲೈಂಡ್ ಕಾರ್ನರಿನಲ್ಲಿ. ಅಂದರೆ ಒಂದು ಗೋಡೆಯ ಪೆಟ್ಟಿಗೆ ಮೂಲೆಯವರೆಗೂ ಹೋಗುತ್ತದೆ, ಇನ್ನೊಂದು ಗೋಡೆಯ ಪೆಟ್ಟಿಗೆ ಬಂದು ಅದರ ಮುಖಕ್ಕೆ ಆತುಕೊಳ್ಳುತ್ತದೆ. ಪೆಟ್ಟಿಗೆ ಮೂರೂವರೆ ಅಡಿ ಇದ್ದರೂ ಬಾಗಿಲು ಒಂದೂವರೆ ಅಡಿ ಮಾತ್ರ. ಉಳಿದ ಎರಡಡಿ ಬಾಗಿಲಿನ ಪಕ್ಕಕ್ಕೆ, ಕತ್ತಲಲ್ಲಿ. ಕೈಯನ್ನು ನೇರ ಒಳಗೆ ಹಾಕಿ ಆಮೇಲೆ ಪಕ್ಕಕ್ಕೆ ತಿರುಗಿಸಬೇಕು. ನಿಮ್ಮ ಅತ್ತೆಯವರು ಈಗ ಪಡುತ್ತಿರುವ ಕಷ್ಟ ಇದೇ. ಈ ಕಷ್ಟಕ್ಕೆ ಪರಿಹಾರವೆಂದೇ ಮ್ಯಾಜಿಕ್ ಕಾರ್ನರ್ ಬಂದದ್ದು: ಮುಂದಿನ ಬುಟ್ಟಿಗಳನ್ನು ಎಳೆದಾಗ ಹಿಂದಿನ ಬುಟ್ಟಿಗಳು ಪಕ್ಕದಿಂದ ಸರಿದು ಬಾಯಿಗೆ ಬರುತ್ತವೆ. ಚೆಂದದ ಕೆಲಸಗಾರಿಕೆ, ನಾನೇ ಹಲವು ಮನೆಗಳಲ್ಲಿ ಕೂರಿಸಿದ್ದೇನೆ. ಆದರೆ ಅದು ಬುಟ್ಟಿ. ಡಬ್ಬ, ಬಾಟಲಿ, ಬಾಣಲೆಗಳಿಗೆ ಹೇಳಿ ಮಾಡಿಸಿದ್ದು. 16 ಇಂಚಿನ ಕೊಳಗ ಆ ಬುಟ್ಟಿಗಳಲ್ಲಿ ಕೂರುವುದಿಲ್ಲ. ಗ್ರೈಂಡರಿನ ಭಾರ ಹೊರಿಸಿದರೆ ಹಳಿ ಬಗ್ಗುತ್ತದೆ. ನಿಮ್ಮ ಪಟ್ಟಿ ಓದಿದ ಮೇಲೆ ಇದನ್ನು ನಾನು ಬೇಡವೆಂದೇ ಹೇಳುತ್ತೇನೆ.

ತಿರುಗುವ ತಟ್ಟೆಯಲ್ಲಿ ಎರಡು ತೊಂದರೆ ಇವೆ. ಚೌಕದೊಳಗೆ ವೃತ್ತ ಬರೆದರೆ ನೂರಕ್ಕೆ 21 ಭಾಗ ವೃತ್ತದ ಹೊರಗೆ ಉಳಿಯುತ್ತದೆ. ಮೂಲೆಯನ್ನೇ ಉಳಿಸಲು ಹೊರಟು ಮೂಲೆಗಳನ್ನೇ ಬಿಟ್ಟಂತಾಯಿತು. ಅದನ್ನಾದರೂ ಒಪ್ಪಬಹುದು. ತಟ್ಟೆಯ ನಡುವೆ ಒಂದು ಕಂಬ ಇರುತ್ತದೆ. ತಟ್ಟೆ 32 ಇಂಚಿನದಾದರೂ ಕಂಬದಿಂದ ಅಂಚಿಗೆ ಉಳಿಯುವುದು 16 ಇಂಚಿಗಿಂತ ಕಡಿಮೆ. ಕೊಳಗ ಅಂಚಿನಿಂದ ಹೊರಗೆ ಚಾಚುತ್ತದೆ, ತಿರುಗಿಸಿದಾಗ ಗೋಡೆಗೆ ತಗಲುತ್ತದೆ. ನಡುವೆ ಕಂಬವಿಲ್ಲದ, ಮೂತ್ರಪಿಂಡದ ಆಕಾರದ ತಟ್ಟೆಗಳೂ ಬರುತ್ತವೆ. ಬಾಗಿಲು ತೆರೆದು ಎಳೆದರೆ ಇಡೀ ತಟ್ಟೆಯೇ ತೂಗಿಕೊಂಡು ಹೊರಗೆ ಬರುತ್ತದೆ. ಒಳ್ಳೆಯ ಕಂಪನಿಯದು ಒಂದು ತಟ್ಟೆಗೆ 25 ಕೆಜಿ ಹೊರುತ್ತದೆ. ನೋಡಿದ್ದರಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದು. ಆದರೆ ಬೆಲೆ ಮ್ಯಾಜಿಕ್ ಕಾರ್ನರಿಗಿಂತ ಕಡಿಮೆ ಇರುವುದಿಲ್ಲ.

ನಿಮ್ಮ ಮನೆಗೆ ನಾನು ಮಾಡುವುದಾದರೆ ಯಂತ್ರವೇ ಹಾಕುವುದಿಲ್ಲ. ಎರಡೂ ಗೋಡೆಗೆ ಮೂರೂವರೆ ಅಡಿ ಬರುವಂತೆ ಎಲ್ ಆಕಾರದ ಒಂದೇ ಪೆಟ್ಟಿಗೆ, ಮುಂದೆ ಮಡಚುವ ಜೋಡಿ ಬಾಗಿಲು. ಎರಡಡಿ ಕಟ್ಟೆಯ ಆಳ ಕಳೆದರೆ ಬಾಗಿಲಿನ ಒಂದೊಂದು ಎಲೆ ಒಂದೂವರೆ ಅಡಿ. ಎರಡನ್ನೂ ಮಡಚಿ ತೆರೆದರೆ ಬಾಯಿ ಓರೆಯಾಗಿ 25 ಇಂಚು, ಅದೂ ಮೂಲೆಯ ಕಡೆಗೇ ಮುಖ ಮಾಡಿ. ಕತ್ತಲೆಯ ಪಕ್ಕ ಎನ್ನುವುದೇ ಇರುವುದಿಲ್ಲ. ಕೊಳಗ ನೇರ ಹೋಗುತ್ತದೆ, ನೇರ ಬರುತ್ತದೆ. ಕೆಲವರು ಮೂರಡಿ ಮೂರಡಿ ಇಟ್ಟು ಈ ಬಾಗಿಲು ಮಾಡಿಸುತ್ತಾರೆ. ಆಗ ಎಲೆ ಒಂದೊಂದು ಅಡಿಯದಾಗಿ ಬಾಯಿ 17 ಇಂಚಿಗೆ ಇಳಿಯುತ್ತದೆ, ಚೌಕಟ್ಟಿನ ದಪ್ಪ ಕಳೆದರೆ ನಿಮ್ಮ ಕೊಳಗ ಸಿಕ್ಕಿಹಾಕಿಕೊಳ್ಳುತ್ತದೆ. ಆ ಆರು ಇಂಚನ್ನು ಬಿಟ್ಟುಕೊಡಬೇಡಿ.

ಒಳಗೆ ಒಂದೇ ಹಲಗೆ ಸಾಕು, ಅದನ್ನೂ ಪೂರ್ತಿ ಹಾಕಬೇಡಿ. ಗೋಡೆಯುದ್ದಕ್ಕೆ 12 ಇಂಚು ಅಗಲದ ಹಲಗೆ ಎಲ್ ಆಕಾರದಲ್ಲಿ ಹೋಗಲಿ, ಮುಂದಿನ ಭಾಗ ಕೆಳಗಿನಿಂದ ಮೇಲಿನವರೆಗೆ ಖಾಲಿ ಇರಲಿ. ಆಗ ಕೆಳಗಿರುವ ಎತ್ತರದ ಪಾತ್ರೆಯನ್ನು ಎತ್ತುವಾಗ ತಲೆಗೆ ಹಲಗೆ ಬಡಿಯುವುದಿಲ್ಲ, ಹಿಂದಿನ ಸಾಮಾನು ಮೇಲಿನಿಂದಲೂ ಕಾಣುತ್ತದೆ.

ಮೇಸ್ತ್ರಿಗೆ ಇವತ್ತೇ ಹೇಳಿ: ಒಳಮೂಲೆಯಲ್ಲಿ ಕಲ್ಲು ಬೇಡ. ಮೂಲೆಯಿಂದ ಎರಡೂ ಕಡೆಗೆ ಮೂರೂವರೆ ಅಡಿ ಬಿಟ್ಟು ಆಸರೆ ಕೊಡಲಿ. ನಡುವೆ ಚಪ್ಪಡಿಗೆ ಬೇಕಾದ ಬಲವನ್ನು ಗೋಡೆಯಲ್ಲಿ ಕೂರಿಸಿದ ಕಬ್ಬಿಣದ ಆಂಗಲ್‌ನಿಂದಲೋ, ಕಬ್ಬಿಣ ಕಟ್ಟಿದ ಕಾಂಕ್ರೀಟ್ ಚಪ್ಪಡಿಯಿಂದಲೋ ಕೊಡಬಹುದು. ಯಾವುದು ಎನ್ನುವುದನ್ನು ನಿಮ್ಮ ಎಂಜಿನಿಯರ್ ನೋಡಿ ಹೇಳಲಿ. ಭಾರದ ವಿಷಯ, ಬಾಯಿಮಾತಿಗೆ ಬಿಡಬೇಡಿ.

---

ಕಡಲೂರಿನಾಕೆ, ಉಡುಪಿ

ಹಾಸನದವರು ಹೇಳಿದ ಮಡಚುವ ಬಾಗಿಲೇ ನಮ್ಮ ಮನೆಯಲ್ಲೂ ಇದೆ, ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಮಳೆಯ ಮಾತನ್ನು ಯಾರೂ ಎತ್ತಲಿಲ್ಲ. ಶಿವಮೊಗ್ಗದಲ್ಲೂ ಮಳೆಗಾಲ ಸಣ್ಣದಲ್ಲ. ನಿಮ್ಮ ಎರಡೂ ಗೋಡೆ ಹೊರಗೋಡೆ ಬೇರೆ.

ಮೂಲೆ ಎಂದರೆ ಎರಡು ಹೊರಗೋಡೆ ಸೇರುವ ಜಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣದೆ, ಗಾಳಿ ಆಡದೆ ಇರುತ್ತದೆ. ಅಲ್ಲಿ ಬೆಲ್ಲ ಇಟ್ಟರೆ ನೀರು ಬಿಡುತ್ತದೆ, ಉಪ್ಪು ಕರಗುತ್ತದೆ, ಹಪ್ಪಳದ ಡಬ್ಬಕ್ಕೆ ಬೂಸಲು ಬರುತ್ತದೆ. ಆದ್ದರಿಂದ ತಿನ್ನುವ ಪದಾರ್ಥ ಅಲ್ಲಿ ಬೇಡವೇ ಬೇಡ. ನಿಮ್ಮ ಪಟ್ಟಿಯಲ್ಲಿ ಪಾತ್ರೆಗಳೇ ಇರುವುದು ನೋಡಿ ಸಮಾಧಾನವಾಯಿತು. ಪಾತ್ರೆಯನ್ನೂ ಒದ್ದೆ ಇರುವಾಗ ಇಡಬೇಡಿ. ತೊಳೆದ ದಿನ ಕವುಚಿ ಹಾಕಿ, ಮರುದಿನ ಒಳಗಿಡಿ. ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟರೆ ಮುಂದಿನ ಹಬ್ಬಕ್ಕೆ ತುಕ್ಕಿಲ್ಲದೆ ಸಿಗುತ್ತದೆ.

ಪೆಟ್ಟಿಗೆಯ ಹಿಂಬದಿಯ ಹಲಗೆ ಗೋಡೆಗೆ ಅಂಟಿಕೊಳ್ಳದಿರಲಿ. ನಮ್ಮಲ್ಲಿ ಒಂದು ಇಂಚು ಬಿಡಿಸಿದ್ದೇವೆ. ಕೆಳಗಿನ ಪಟ್ಟಿಯಲ್ಲಿ ಸಣ್ಣ ಜಾಲರಿ ಇಟ್ಟು, ಹಿಂದಿನ ಹಲಗೆಯ ಮೇಲ್ತುದಿಯಲ್ಲಿ ತೂತು ಕೊರೆಸಿದರೆ ಗಾಳಿ ಕೆಳಗಿನಿಂದ ಮೇಲಕ್ಕೆ ಆಡುತ್ತದೆ. ಜಾಲರಿ ಸೊಳ್ಳೆಪರದೆಯಷ್ಟು ಸಣ್ಣದಿರಲಿ, ಇಲ್ಲದಿದ್ದರೆ ಜಿರಳೆಗೆ ದಾರಿ ಮಾಡಿಕೊಟ್ಟಂತೆ. ಪ್ಲೈವುಡ್ ತೆಗೆದುಕೊಳ್ಳುವಾಗ ಐಎಸ್ 710 ಎನ್ನುವ ಮುದ್ರೆ ಇದೆಯೇ ನೋಡಿ. ನೀರು ತಡೆಯುವ ಮೆರೈನ್ ಪ್ಲೈ ಅದೇ. ಪೂರ್ತಿ ಮನೆಗೆ ಕೈ ಸಾಗದಿದ್ದರೆ ಸಿಂಕಿನ ಕೆಳಗಿನ ಪೆಟ್ಟಿಗೆಗೂ ಮೂಲೆಗೂ ಅದನ್ನೇ ಹಾಕಿಸಿ, ಉಳಿದದ್ದಕ್ಕೆ ಸಾಧಾರಣದ್ದು ನಡೆಯುತ್ತದೆ. ಬುಟ್ಟಿ, ತಂತಿಯ ಸಾಮಾನು ಕೊಳ್ಳುವುದಾದರೆ 304 ದರ್ಜೆಯ ಸ್ಟೀಲ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. 202 ಎನ್ನುವುದು ಅಂಗಡಿಯಲ್ಲಿ ಹಾಗೆಯೇ ಹೊಳೆಯುತ್ತದೆ, ಎರಡು ಮಳೆಗಾಲ ಕಂಡರೆ ಬೆಸುಗೆಯ ಹತ್ತಿರ ಕಂದು ಬಣ್ಣಕ್ಕೆ ತಿರುಗುತ್ತದೆ.

ಗ್ರೈಂಡರನ್ನು ಮಾತ್ರ ಕೆಳಗಿಡಬೇಡಿ. ಕಲ್ಲು ಸೇರಿದರೆ ಹತ್ತು ಕೆಜಿಗೂ ಮೇಲೆ. ಮೊಣಕಾಲು ನೋವಿರುವವರು ಅದನ್ನು ನೆಲದ ಮಟ್ಟದಿಂದ ಎತ್ತುವುದೆಂದರೆ! ಅದರ ಜಾಗ ಕಟ್ಟೆಯ ಮೇಲಿನ ಮೂಲೆ. ಅಲ್ಲಿ ಎರಡಡಿ ಚೌಕ ಹೇಗಿದ್ದರೂ ಖಾಲಿ ಬೀಳುತ್ತದೆ, ನಿಂತು ತರಕಾರಿ ಹೆಚ್ಚುವುದಕ್ಕೂ ಆಗುವುದಿಲ್ಲ. ಗ್ರೈಂಡರ್, ಮಿಕ್ಸಿ ಎರಡೂ ಅಲ್ಲೇ ಇರಲಿ, ಇದ್ದಲ್ಲೇ ಓಡಲಿ.

---

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ತಿರುಗುವ ತಟ್ಟೆಯ ಬಗ್ಗೆ ಎರಡು ಮಾತು, ಯಜಮಾನರಿಗೆ ಅದು ಇಷ್ಟವಾಗಿದೆ ಎಂದದ್ದಕ್ಕೆ. ಇಲ್ಲಿನ ಮನೆಗಳಲ್ಲಿ ಮೂಲೆಯಲ್ಲಿ ಅದು ಮೊದಲೇ ಇರುತ್ತದೆ. ಲೇಜಿ ಸೂಸನ್ ಎನ್ನುತ್ತಾರೆ, ಎರಡೂ ಗೋಡೆಗೆ 36 ಇಂಚು ಹಿಡಿಯುವ ಪೆಟ್ಟಿಗೆ ಸಾಮಾನ್ಯ ಅಳತೆ. ನಮ್ಮದರಲ್ಲಿ ಕೆಳಗಿನ ತಟ್ಟೆಯಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲ, ತೊಗರಿಬೇಳೆ, ಎಣ್ಣೆ. ಮೇಲಿನದರಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಅವಲಕ್ಕಿ. ದುಂಡನೆಯ, ಮಧ್ಯಮ ಎತ್ತರದ ಡಬ್ಬಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಬೆರಳಿನಿಂದ ತಳ್ಳಿದರೆ ಬೇಕಾದ್ದು ಎದುರಿಗೆ ಬರುತ್ತದೆ, ನನ್ನ ತಾಯಿ ಬಂದಿದ್ದಾಗ ಬಹಳ ಮೆಚ್ಚಿಕೊಂಡಿದ್ದರು.

ಪೊಟ್ಟಣಗಳಿಗೆ ಮಾತ್ರ ಸಲ್ಲದು. ಸಾಸಿವೆಯ ಪೊಟ್ಟಣ ಅಂಚಿನಿಂದ ಜಾರಿ ಹಿಂದೆ ಬಿದ್ದರೆ ತಟ್ಟೆ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಎಲ್ಲ ಇಳಿಸಿ ಟಾರ್ಚ್ ಹಿಡಿದು ತೆಗೆಯಬೇಕು. ಹಾಕಿಸಿದರೆ ಅಂಚಿಗೆ ಕನಿಷ್ಠ ಎರಡು ಇಂಚು ತಡೆ ಇರುವುದನ್ನೇ ನೋಡಿ. ಆದರೆ ನಿಮ್ಮ ಕೊಳಗ, ಕಡುಬಿನ ಪಾತ್ರೆಗಳಿಗೆ ಇದು ಒಗ್ಗುವುದಿಲ್ಲ. ಹಾಸನದವರ ಮಾತಿಗೇ ನನ್ನ ಮತ.

---

ಮೂರನೇ ಮಹಡಿ, ಬೆಂಗಳೂರು

ಈ ಚರ್ಚೆಯನ್ನು ಕಟ್ಟಿ ಮುಗಿದ ಮನೆಯಲ್ಲಿರುವವರೂ ಓದುತ್ತಿರುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ನಮ್ಮದು ಅಪಾರ್ಟ್‌ಮೆಂಟ್, ಕಲ್ಲು ಒಡೆಯುವಂತಿಲ್ಲ, ಬಾಗಿಲು 15 ಇಂಚು, ಪಕ್ಕದಲ್ಲಿ ಎರಡಡಿ ಕತ್ತಲೆ.

ನಾವು ಮಾಡಿದ್ದು ಇಷ್ಟೇ. ಪ್ಲಾಸ್ಟಿಕ್ ಅಂಗಡಿಯಲ್ಲಿ ಸಿಗುವ ಉದ್ದನೆಯ ಗಟ್ಟಿ ಟ್ರೇ ಎರಡು ತಂದು, ಎರಡನ್ನೂ ನೈಲಾನ್ ಹಗ್ಗದಿಂದ ಒಂದರ ಹಿಂದೆ ಒಂದು ಕಟ್ಟಿದೆವು. ಮೊದಲ ಟ್ರೇ ಬಾಗಿಲ ಎದುರಿಗೆ, ಎರಡನೆಯದು ಪಕ್ಕದ ಕತ್ತಲೆಯಲ್ಲಿ. ಮೊದಲನೆಯದನ್ನು ಪೂರ್ತಿ ಹೊರಗೆ ಎಳೆದು ಪಕ್ಕಕ್ಕಿಟ್ಟು ಹಗ್ಗ ಜಗ್ಗಿದರೆ ಎರಡನೆಯದು ಜಾರಿಕೊಂಡು ಬಾಯಿಗೆ ಬರುತ್ತದೆ. ಟ್ರೇಯ ತಳಕ್ಕೆ ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆ ಹಾಕಿದ್ದೇವೆ, ಶಬ್ದವಿಲ್ಲ. ಅಂಗಡಿಯ ಯಂತ್ರ ಮಾಡುವ ಕೆಲಸವೂ ಇದೇ ತಾನೇ. ಕತ್ತಲೆಯ ಟ್ರೇಯಲ್ಲಿ ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಸಾಮಾನು ಮಾತ್ರ. ಬಾಗಿಲಿನ ಒಳಮೈಗೆ ಆ ಟ್ರೇಯಲ್ಲಿ ಏನೇನಿದೆ ಎಂಬ ಚೀಟಿ ಅಂಟಿಸಿದ್ದೇವೆ. ಇದರಿಂದ ಸುಮ್ಮನೆ ಎಳೆದು ಹುಡುಕುವುದು ತಪ್ಪಿತು. ಚಲನೆ ಕಂಡರೆ ಹೊತ್ತಿಕೊಳ್ಳುವ, ಚಾರ್ಜ್ ಮಾಡುವ ಸಣ್ಣ ದೀಪವನ್ನೂ ಒಳಗೆ ಅಂಟಿಸಿ. ಬೆಳಕು ಬಂದ ಮೇಲೆ ಜಿರಳೆಯ ಕಾಟ ಕೂಡ ಕಡಿಮೆಯಾಗಿದೆ, ಕಾಣುವ ಜಾಗವನ್ನು ಒರೆಸುತ್ತೇವಲ್ಲ.

ಮೂಲೆಯ ಹಿಂದೆ ನಿಮ್ಮದೇ ಊಟದ ಕೋಣೆ ಇದ್ದರೆ ಇನ್ನೂ ಸುಲಭ: ಆ ಕಡೆಯಿಂದ ಗೋಡೆಯಲ್ಲಿ ಬಾಗಿಲು ಇಡಿಸಿ, ತಟ್ಟೆ ಲೋಟದ ಕಪಾಟು ಮಾಡಿಕೊಳ್ಳಬಹುದು. ಹೊಸದಾಗಿ ನಕ್ಷೆ ಮಾಡಿಸುವವರು ಇದನ್ನು ನೆನಪಿಡಿ.

---

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಮನಸಾರೆ ಧನ್ಯವಾದ. ಹಾಸನದ ಅಣ್ಣ, ನೀವು ಬರೆದದ್ದನ್ನು ಮೇಸ್ತ್ರಿಗೆ ಓದಿ ಹೇಳಿದೆ. ಒಳಮೂಲೆಗೆ ಕಡಪ ಕಲ್ಲು ತರಿಸುವ ಯೋಚನೆಯಲ್ಲೇ ಇದ್ದರಂತೆ! ಎಂಜಿನಿಯರ್ ಬಂದು ನೋಡಿ, ಎರಡೂ ಗೋಡೆಗೆ ಆಂಗಲ್ ಕೊಟ್ಟು ಕಾಂಕ್ರೀಟ್ ಚಪ್ಪಡಿಗೆ ಕಬ್ಬಿಣ ಹೆಚ್ಚು ಕಟ್ಟಿಸೋಣ ಎಂದಿದ್ದಾರೆ. ಮಡಚುವ ಬಾಗಿಲೇ ಎಂದು ತೀರ್ಮಾನವಾಯಿತು. ಉಡುಪಿಯ ಅಕ್ಕ, ಗ್ರೈಂಡರ್ ಕಟ್ಟೆಯ ಮೇಲೇ. ನೀವು ಹೇಳಿದ್ದನ್ನು ಕೇಳಿ ಅತ್ತೆ, "ಆ ಹೆಣ್ಣುಮಗಳಿಗೆ ಅಡುಗೆಮನೆ ಗೊತ್ತು" ಎಂದರು.

ಇನ್ನೆರಡು ಅನುಮಾನ ಉಳಿದಿವೆ. ಒಂದು, ಮೂಲೆ ಇಷ್ಟು ದೊಡ್ಡದಾಗಿ ಸಿಗುತ್ತದೆ ಎಂದಾದರೆ ಗ್ಯಾಸ್ ಸಿಲಿಂಡರನ್ನೂ ಅಲ್ಲೇ ಇಡಬಹುದಲ್ಲ ಎಂದು ಯಜಮಾನರು ಕೇಳುತ್ತಿದ್ದಾರೆ, ಒಲೆಗೂ ಹತ್ತಿರ. ಎರಡು, ಒಲೆ ಆಗ್ನೇಯ ಮೂಲೆಗೇ ಬರಬೇಕೆಂದರೆ ಬಾಗಿಲಿಗೆ ಅಡ್ಡಿಯಾಗುವುದಿಲ್ಲವೇ?

---

ಮರಗೆಲಸ, ಹಾಸನ

ಅಕ್ಕ, ಸಿಲಿಂಡರ್ ಮೂಲೆಯೊಳಗೆ ಖಂಡಿತ ಬೇಡ. ಇದರಲ್ಲಿ ನಾನು ಯಾರ ಮನೆಯಲ್ಲೂ ಒಪ್ಪಿಕೊಳ್ಳುವುದಿಲ್ಲ, ಕೆಲಸ ಹೋದರೂ ಸರಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಮೂರು ಕಡೆ ಮುಚ್ಚಿದ ಮೂಲೆಯಲ್ಲಿ ಅದು ಸಂಗ್ರಹವಾಗುತ್ತದೆ, ವಾಸನೆ ನಿಮಗೆ ತಡವಾಗಿ ಬರುತ್ತದೆ. ಅದರ ಮೇಲೆಯೇ ಒಲೆ ಉರಿಯುತ್ತಿರುತ್ತದೆ. ಬೆಂಗಳೂರಿನವರು ಹೇಳಿದ ದೀಪ ಹೊತ್ತಿಕೊಳ್ಳುವಾಗಲೂ ಕಿಡಿ ಹಾರಬಹುದು. ಅಲ್ಲದೆ 14.2 ಕೆಜಿ ಅನಿಲ ತುಂಬಿದ ಸಿಲಿಂಡರ್ ಕಬ್ಬಿಣವೂ ಸೇರಿ 30 ಕೆಜಿಯ ಹತ್ತಿರ ಇರುತ್ತದೆ. ಏನಾದರೂ ಆದಾಗ ಅತ್ತೆಯವರು ಬಗ್ಗಿ, ಒಳಗೆ ಕೈ ಹಾಕಿ ರೆಗ್ಯುಲೇಟರ್ ಮುಚ್ಚುವುದಕ್ಕೆ ಆಗುತ್ತದೆಯೇ ಎಂದು ಯೋಚಿಸಿ.

ದಕ್ಷಿಣದ ಗೋಡೆಯ ಹೊರಗೆ ಬಿಸಿಲು ಮಳೆ ಬೀಳದಂತೆ ಒಂದು ಸಣ್ಣ ಗೂಡು ಕಟ್ಟಿಸಿ, ಸುತ್ತ ಗಾಳಿ ಆಡುವಂತೆ ಜಾಲರಿ ಬಾಗಿಲು ಇಡಿಸಿ. ಒಳಗೆ ತಾಮ್ರದ ಕೊಳವೆ ತರುವ ಕೆಲಸವನ್ನು ಗ್ಯಾಸ್ ಏಜೆನ್ಸಿ ಒಪ್ಪಿದ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಒಲೆಯ ಹತ್ತಿರ ಕೈಗೆಟುಕುವಂತೆ ಒಂದು ವಾಲ್ವ್ ಇರಲಿ. ಒಲೆಗೆ ಸೇರುವ ರಬ್ಬರ್ ಕೊಳವೆ ಕಣ್ಣಿಗೆ ಕಾಣುವಂತಿರಲಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಗಾರೆ ನಡೆಯುವಾಗಲೇ ಗೋಡೆಯಲ್ಲಿ ತೂತು ಬಿಡಿಸಿಕೊಳ್ಳಿ.

ಒಲೆಯ ವಿಷಯ. ಅತ್ತೆಯವರ ಅಪೇಕ್ಷೆಗೆ ತೊಂದರೆಯಿಲ್ಲ. ಆದರೆ ಒಲೆಯನ್ನು ಮೂಲೆಯ ಗೋಡೆಗೇ ಒತ್ತಿ ಕೂರಿಸಿದರೆ ಪಾತ್ರೆಯ ಹಿಡಿ ಗೋಡೆಗೆ ತಾಗುತ್ತದೆ, ದೊಡ್ಡ ಕಾವಲಿ ಕೂರುವುದಿಲ್ಲ, ಎಣ್ಣೆಯ ಜಿಡ್ಡು ಎರಡೂ ಗೋಡೆಗೆ ಹಿಡಿಯುತ್ತದೆ. ದಕ್ಷಿಣದ ಗೋಡೆಯಿಂದ ಮೂರಡಿ ಬಿಟ್ಟು ಒಲೆಯ ಅಂಚು ಶುರುವಾಗಲಿ. ಮೂರು ಉರಿಯ ಒಲೆ ಎರಡೂವರೆ ಅಡಿ ಹಿಡಿಯುತ್ತದೆ, ಐದೂವರೆ ಅಡಿಗೆ ಮುಗಿಯುತ್ತದೆ. ಆಗ್ನೇಯವೂ ಆಯಿತು, ಪೂರ್ವಕ್ಕೆ ಮುಖವೂ ಆಯಿತು. ಅಡುಗೆ ಮಾಡುವವರು ನಿಲ್ಲುವುದು ನಾಲ್ಕು ಅಡಿಯ ಆಚೆ. ಮಡಚುವ ಬಾಗಿಲು ಮೂರೂವರೆ ಅಡಿಗೆ ಮುಗಿದಿರುತ್ತದೆ. ಒಬ್ಬರು ಒಲೆಯ ಮುಂದೆ ಇದ್ದಾಗಲೂ ಇನ್ನೊಬ್ಬರು ಮೂಲೆಯಿಂದ ಪಾತ್ರೆ ತೆಗೆಯಬಹುದು. ಬಾಗಿಲು ದಕ್ಷಿಣದ ಕಡೆಗೆ ಮಡಚಿಕೊಳ್ಳುವಂತೆ ಹಿಂಜ್ ಆ ಬದಿಗೇ ಹಾಕಿಸಿ. ಒಲೆಯ ಕಡೆಗೆ ತೆರೆದರೆ ಅಡುಗೆಯವರ ಕಾಲಿಗೆ ಬಡಿಯುತ್ತದೆ.

ಒಲೆಯ ಕೆಳಗೆ ಮೂರೂವರೆಯಿಂದ ಆರೂವರೆ ಅಡಿಯವರೆಗೆ ಮೂರು ಡ್ರಾಯರ್ ಬರಲಿ. ದಿನಬಳಕೆಯ ಪಾತ್ರೆ, ಸೌಟು, ಬಾಣಲೆ ಎಲ್ಲ ಅಲ್ಲಿ. ಅಂಗಡಿಯವರು ಬರೆದುಕೊಟ್ಟ 32 ಸಾವಿರದಲ್ಲಿ ಒಳ್ಳೆಯ ಚಾನೆಲ್ (ಜಾರುವ ಹಳಿ) ಇರುವ ಈ ಡ್ರಾಯರ್‌ಗಳು ಆಗುತ್ತವೆ. ಅತ್ತೆಯವರಿಗೆ ದಿನಕ್ಕೆ ಹತ್ತು ಸಲ ಅನುಕೂಲ ಕೊಡುವುದು ಅವು, ಮೂಲೆಯಲ್ಲ. ಡ್ರಾಯರಿಗೂ ಮೂಲೆಯ ಬಾಗಿಲಿಗೂ ನಡುವೆ ಎರಡು ಇಂಚು ಪಟ್ಟಿ ಬಿಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಒಂದರ ಹಿಡಿ ಇನ್ನೊಂದಕ್ಕೆ ಉಜ್ಜುತ್ತದೆ.

ನಿಮ್ಮ ಬಡಗಿಗೆ ಹೇಳಬೇಕಾದದ್ದು: ಪೆಟ್ಟಿಗೆಗೆ ಸೇರುವ ಎಲೆಗೆ 165 ಡಿಗ್ರಿ ತೆರೆಯುವ ಹಿಂಜ್ ಬೇಕು, ಎರಡು ಎಲೆಗಳನ್ನು ಒಂದಕ್ಕೊಂದು ಸೇರಿಸಲು ಮೂಲೆಗೆಂದೇ ಬರುವ ಬೇರೆ ಹಿಂಜ್. ಸಾಧಾರಣ ಹಿಂಜ್ ಹಾಕಿದರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಎಲೆ ಒಂದೂವರೆ ಅಡಿ ಅಗಲ ಇರುವುದರಿಂದ ಮೂರು ಹಿಂಜ್ ಹಾಕಿಸಿ, ಎರಡು ಸಾಲದು. ಕಾಲಕ್ರಮದಲ್ಲಿ ಜೋತುಬಿದ್ದು ನೆಲದ ಪಟ್ಟಿಗೆ ಉಜ್ಜಲು ಶುರುವಾಗುತ್ತದೆ.

ಇನ್ನೊಂದು ಕೆಲಸ ಮಾಡಿ. ಗಾರೆ ಒಣಗಿದ ಮೇಲೆ, ಕಟ್ಟೆ ಹಾಕುವ ಮೊದಲು, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎಲ್ಲವನ್ನೂ ನಿಜ ಅಳತೆಯಲ್ಲಿ ಬರೆಯಿರಿ: ಕಟ್ಟೆಯ ಅಂಚು, ಮೂಲೆಯ ಬಾಯಿ, ಒಲೆ, ಡ್ರಾಯರ್ ಎಳೆದಾಗ ಬರುವ ಜಾಗ. ಆ ಗೆರೆಗಳ ಮುಂದೆ ಅತ್ತೆಯವರನ್ನು ನಿಲ್ಲಿಸಿ, ದೊಡ್ಡ ಕೊಳಗವನ್ನೇ ಕೈಗೆ ಕೊಟ್ಟು ನೋಡಿ. ಅವರು ನಿಂತಾಗ ಬೇಕಾಗುವ ಕಟ್ಟೆಯ ಎತ್ತರವನ್ನೂ ಆಗಲೇ ಗುರುತು ಮಾಡಿಕೊಳ್ಳಿ. ಎಲ್ಲರಿಗೂ 34 ಇಂಚು ಎಂದು ಹಾಕಿಬಿಡುತ್ತಾರೆ, ಗಿಡ್ಡ ಇರುವವರಿಗೆ 32 ಸಾಕು. ಗೆರೆ ಅಳಿಸಿ ಬದಲಿಸುವುದಿದ್ದರೆ ಅವತ್ತೇ ಬದಲಿಸಿ, ಆ ಅಳತೆಗಳನ್ನು ಇದ್ದಿಲಿನಲ್ಲಿ ಗೋಡೆಯ ಮೇಲೆ ಮೇಸ್ತ್ರಿಗೆ ಕಾಣುವಂತೆ ಬರೆದಿಡಿ.

---

ತುಂಗಾತೀರ, ಶಿವಮೊಗ್ಗ

ಸಿಲಿಂಡರಿನ ಗೂಡಿಗೆ ಜಾಗ ನೋಡಿ ಆಯಿತು ಅಣ್ಣ, ಯಜಮಾನರು ಒಪ್ಪಿದರು. ಭಾನುವಾರ ಅತ್ತೆಯವರನ್ನು ಕರೆದುಕೊಂಡು ಹೋಗಿ ಗೆರೆ ಹಾಕುತ್ತೇವೆ. ಅವರ ಎತ್ತರಕ್ಕೆ 32 ಇಂಚೇ ಸರಿಯಾಗುತ್ತದೆ ಎಂದು ಕಾಣುತ್ತದೆ, ನನಗೆ ಸ್ವಲ್ಪ ತಗ್ಗಾಗಬಹುದು. ಆದರೂ ಅವರ ಅಳತೆಗೇ ಹಾಕಿಸುತ್ತೇನೆ.